ಅರ್ಥ ಕೆಡದಂತೆ

ಕಳೆದ ಭಾನುವಾರ ಸಂಜೆ ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದಾಗ, ಯಾವುದೋ ಪ್ರಮಾಣಪತ್ರಕ್ಕೆ ಸಹಿ ಬೇಕಿರಬಹುದೆಂದು ಪೆನ್ನು ಹುಡುಕಿದೆ. ಅವನಿಗೆ ಬೇಕಾಗಿದ್ದುದು ಸಂಧಿ ಪ್ರಕರಣ.

ಗುಳೇದಗುಡ್ಡದ ನೇಕಾರರ ಮನೆಯ ಹುಡುಗ, ಈಗ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ಹೊಸಬರಿಂದ ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶದ, ಕೆಲಸ ಮಾಡಿಸಲು ಗೂಗಲ್ ಕಂಪನಿ 2005ರಿಂದ ನಡೆಸುತ್ತಿರುವ ಸಮ್ಮರ್ ಆಫ್ ಕೋಡ್ ಯೋಜನೆಯಲ್ಲಿ, ಅಪರ್ಟಿಯಂ ಎಂಬ ಅಂಥದೊಂದು ತಂತ್ರಾಂಶಕ್ಕಾಗಿ ಕೆಲಸ ಮಾಡಲು ಅರ್ಜಿ ಹಾಕುತ್ತಿದ್ದ. ಸ್ಪೇನಿನ ಅಲಿಕಾಂಟೆ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ತಂತ್ರಾಂಶ ನಿಘಂಟು ಮತ್ತು ವ್ಯಾಕರಣದ ನಿಯಮಗಳ ಬಲದಿಂದಲೇ ಅನುವಾದ ಮಾಡುತ್ತದೆಯಾದ್ದರಿಂದ, 'ಮರಕ್ಕೆ' ಎಂದರೆ ಮರ, ನಾಮಪದ, ಏಕವಚನ, ಚತುರ್ಥಿ ಎಂದು ಯಾರಾದರೂ ಅದಕ್ಕೆ ಮೊದಲೇ ಬಿಡಿಸಿ ಹೇಳಿರಬೇಕು. ಅರ್ಜಿಗೆ ಮುಂಚೆ ಸಣ್ಣದೊಂದು ಕೆಲಸ ಮಾಡಿ ತೋರಿಸಬೇಕಂತೆ. ಇವನು ಉಕಾರಾಂತ ಪದಗಳನ್ನೆಲ್ಲ 'ಊರು' ಎಂಬ ಒಂದೇ ಮಾದರಿಯ ಕೆಳಗೆ ಸೇರಿಸಿದ್ದ. ಊರನ್ನು, ಕಾರನ್ನು, ನೀರನ್ನು ಎಂದು ನೆಟ್ಟಗೆ ಸಾಗಿದ ಪಟ್ಟಿ ಕರನ್ನು, ಹಸನ್ನು, ಮಗನ್ನು ಎಂದು ಮುಗ್ಗರಿಸಿತ್ತು.

ನಾನು ನಕ್ಕು, ಇಪ್ಪತ್ತಾರು ವರ್ಷ ಹೇಳಿದ್ದನ್ನೇ ಹೇಳಿದೆ: "ಅರ್ಥ ಕೆಡದಿದ್ದರ ಲೋಪ, ಕೆಡೂ ಹಂಗಿದ್ದರ ವಕಾರಾಗಮ. ನಾನ ಕಲಿಸೇನಲ್ಲೋ ತಮ್ಮಾ." ಲೋಪವೆಂದರೆ ಕೊನೆಯ ಉಕಾರ ಬಿದ್ದು 'ಊರನ್ನು' ಆಗುವುದು; ವಕಾರಾಗಮವೆಂದರೆ ಉಕಾರ ಉಳಿದು, ನಡುವೆ 'ವ' ಬಂದು 'ಕರುವನ್ನು' ಆಗುವುದು.

"ಅರ್ಥ ಕೆಟ್ಟೈತೋ ಇಲ್ಲೋ ಯಂತ್ರಕ್ಕ ಹೆಂಗ ಗೊತ್ತಾಗಬೇಕ್ರಿ ಸರ?"

ಹುಡುಗನ ದನಿಯಲ್ಲಿ ಉದ್ಧಟತನ ಎಳ್ಳಷ್ಟೂ ಇರಲಿಲ್ಲ. ಇದ್ದಿದ್ದರೆ ಗದರಿಸಿ ಪಾರಾಗುತ್ತಿದ್ದೆ. ಅವನು ಚಹಾ ಕುಡಿದು ಹೋದ ಮೇಲೂ ಆ ಮಾತು ಕಿವಿಯಲ್ಲೇ ಉಳಿಯಿತು. ಅರ್ಥ ಕೆಟ್ಟಿದೆಯೋ ಇಲ್ಲವೋ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಯಂತ್ರದ ಮಾತು ಒತ್ತಟ್ಟಿಗಿರಲಿ, ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡಿ ಬೆಳೆದು ನನ್ನ ತರಗತಿಗೆ ಬಂದ ಮಕ್ಕಳಿಗೆ ಹೇಗೆ ಗೊತ್ತಾಗಬೇಕಿತ್ತು? ತಾಂಡಾದಿಂದ ಬರುತ್ತಿದ್ದ ಹುಡುಗಿಯೊಬ್ಬಳು 'ಹಸನ್ನು' ಎಂದು ಬರೆದಾಗ ನಾನು ಅದನ್ನು ಗಟ್ಟಿಯಾಗಿ ಓದಿ ಇಡೀ ತರಗತಿಯನ್ನು ನಗಿಸಿದ್ದೆ. ನಮ್ಮ ಕಡೆ ಆ ಪ್ರಾಣಿಗೆ ಹಸು ಎನ್ನುವವರೇ ಇಲ್ಲ, ಎಲ್ಲರಿಗೂ ಅದು ಆಕಳು. ನಕ್ಕ ಮಕ್ಕಳಿಗೂ ಹಸು ಪುಸ್ತಕದಲ್ಲಿಯೇ ಸಿಕ್ಕ ಪದವಾಗಿತ್ತು. ನಾನು ಕಲಿಸಿದ ನಿಯಮ ಉಪಯೋಗಕ್ಕೆ ಬರುತ್ತಿದ್ದುದು ಕನ್ನಡ ಮೊದಲೇ ಬಲ್ಲವರಿಗೆ, ಅಂದರೆ ಅದರ ಅಗತ್ಯವೇ ಇಲ್ಲದವರಿಗೆ.

ಪಕ್ಕದ ಮನೆಯ ನಿವೃತ್ತ ಅಧಿಕಾರಿಗಳಿಗೆ ಇದನ್ನು ಹೇಳಿದರೆ, "ಈಗ ಎಐ ಬಂದೈತಲ್ರಿ, ಎಲ್ಲಾ ತಾನ ಕಲೀತೈತಿ" ಎಂದರು. ಎಲ್ಲವೂ ತಾನಾಗಿ ಆಗುತ್ತದೆ ಎನ್ನುವ ಈ ಮಹನೀಯರು ಮನೆಯಲ್ಲಿ ಒಂದು ಲೋಟ ನೀರನ್ನೂ ತಾವಾಗಿ ತೆಗೆದುಕೊಂಡವರಲ್ಲ.

ಆ ರಾತ್ರಿ ಹಳೆಯ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತಾ ಕುಳಿತೆ. ಒಂದರಲ್ಲಿ ಕರು, ಹಸು, ಮಗು, ಮಡು. ಇನ್ನೊಂದರಲ್ಲಿ ಕಾಲು, ನೀರು, ಕಣ್ಣು, ಹೆಸರು. ಅಭ್ಯಾಸಬಲದಿಂದ ಪದಗಳ ಮೇಲೆ ಲಘು–ಗುರು ಹಾಕಿದಾಗ ವಿಷಯ ಕಣ್ಣಿಗೆ ಬಿತ್ತು: ಎರಡೇ ಅಕ್ಷರವಿದ್ದು ಎರಡೂ ಲಘುವಾಗಿದ್ದರೆ ಉಕಾರ ಉಳಿಯುತ್ತದೆ, ಮೊದಲನೆಯದು ಗುರುವಾಗಿದ್ದರೆ ಅಥವಾ ಪದ ಉದ್ದವಾಗಿದ್ದರೆ ಬಿದ್ದುಹೋಗುತ್ತದೆ. ವಸ್ತು, ಸಾಧು ಮುಂತಾದ ಸಂಸ್ಕೃತದ ಪದಗಳನ್ನೂ ಅದು, ಇದು ಎಂಬ ಸರ್ವನಾಮಗಳನ್ನೂ ಬೇರೆಯಾಗಿ ಇಡಬೇಕು. ಛಂದಸ್ಸನ್ನೂ ಸಂಧಿಯನ್ನೂ ಬೇರೆಬೇರೆ ತಿಂಗಳಲ್ಲಿ ಪಾಠ ಮಾಡಿದ ನನಗೆ ಇವೆರಡನ್ನು ಒಟ್ಟಿಗೆ ಇಟ್ಟು ನೋಡುವ ಪ್ರಸಂಗವೇ ಬಂದಿರಲಿಲ್ಲ. ಬೆಳಗಾಗುವುದನ್ನೇ ಕಾದು ಹುಡುಗನಿಗೆ ಫೋನ್ ಮಾಡಿದೆ.

ಬುಧವಾರ ಅವನು ಅರ್ಜಿ ಸಲ್ಲಿಸಿದ. ಆಯ್ಕೆಯ ಸುದ್ದಿ ಬರಲು ಇನ್ನೂ ಸಮಯವಿದೆ. ನಿನ್ನೆ ಬಸ್ ನಿಲ್ದಾಣದಿಂದ, ಗದ್ದಲದ ನಡುವೆ, ಮತ್ತೆ ಅವನ ಫೋನು ಬಂತು.

"ಸರ, ಹಸು, ಕರು ಎಲ್ಲಾ ಬರೋಬರಿ ಆದ್ವು. ಆದ್ರ ಮಂದಿ ಹೆಸರು ಸಿಕ್ಕಿಬಿದ್ದಾವ್ರಿ. ರಾಜು ಅಂತ ಕೊಟ್ರ ರಾಜನ್ನು ಅಂತೈತಿ, ಬಾಬು ಅಂತ ಕೊಟ್ರ ಬಾಬನ್ನು."

ನಾನು ನೋಟ್‌ಬುಕ್ಕಿನಲ್ಲಿ ಮೂರನೆಯ ಸಾಲಿಗೆ ಗೆರೆ ಎಳೆದು, ಹಾಜರಿ ಪುಸ್ತಕದಲ್ಲಿ ಕಂಡ ಹೆಸರುಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಬರೆಯತೊಡಗಿದೆ.