ಕನಿಕ್ ನದಿಯ ದಿಬ್ಬದಲ್ಲಿ ಅಪ್ಪನ ಜೊತೆ ಒಂದು ಸಂಜೆ

ಅಪ್ಪ ನನ್ನ ಪುಟ್ಟ ವಿಮಾನದ ರೆಕ್ಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಬಿಗಿದ ತಮಟೆಯಂಥ ಸದ್ದು ಬಂತು.

"ತಗಡಲ್ವೇನಮ್ಮ ಇದು?"

ತಗಡಲ್ಲ ಅಪ್ಪ, ಬಟ್ಟೆ ಅಂದೆ. ಒಳಗೆ ಮರದ ದೂಲ, ಅಲ್ಯೂಮಿನಿಯಂ ಪಟ್ಟಿಗಳು, ಮೇಲೆ ಬಿಗಿದು ಬಣ್ಣ ಬಳಿದ ಬಟ್ಟೆ. ಅವರು ಇನ್ನೊಮ್ಮೆ ತಟ್ಟಿದರು. ನಮ್ಮೂರು ಹೆಸರಘಟ್ಟದ ಕಡೆ. ಅಪ್ಪ ಹುಡುಗರಾಗಿದ್ದಾಗ ಜಕ್ಕೂರಿನಿಂದ ಎದ್ದ ಪುಷ್ಪಕ ವಿಮಾನಗಳು ನಮ್ಮ ರಾಗಿ ಹೊಲದ ಮೇಲೆ ಸುತ್ತು ಹಾಕುತ್ತಿದ್ದವಂತೆ. ಎತ್ತುಗಳು ಬೆದರುತ್ತಿದ್ದವು ಅಂತ ಈಗಲೂ ಹೇಳುತ್ತಾರೆ. ಆ ಪುಷ್ಪಕಕ್ಕೂ ಬಟ್ಟೆಯೇ ಹೊದಿಕೆ, ಅದಕ್ಕೂ ಬಾಲದಲ್ಲೊಂದು ಪುಟ್ಟ ಗಾಲಿ ಅಂತ ನಾನು ಹೇಳಿದಾಗ ಅವರ ಮುಖ ಅರಳಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಆ ಎರಡು ಸೀಟಿನ ವಿಮಾನ ಅಮೆರಿಕದ ಏರೋಂಕಾ ಚೀಫ್ ಅನ್ನು ಬಹಳ ಮಟ್ಟಿಗೆ ಹೋಲುತ್ತಿತ್ತು. ನನ್ನ ಈ ವಿಮಾನ, ಸಿಟಾಬ್ರಿಯಾ, ಅದೇ ಏರೋಂಕಾ ಮನೆತನದ ಇನ್ನೊಂದು ಕವಲು. ಹೊಲದ ಮೇಲೆ ಹಾರಿದ್ದರ ದಾಯಾದಿಯನ್ನೇ ಮಗಳು ಅಲಾಸ್ಕಾದಲ್ಲಿ ಹಾರಿಸುತ್ತಿದ್ದಾಳೆ ಅನ್ನುವುದು ಅವರಿಗೆ ಬಹಳ ಹಿಡಿಸಿತು.

ನನ್ನದು ಅಂದೆನಲ್ಲ, ಅರ್ಧ ಮಾತ್ರ ನನ್ನದು. ಉಳಿದರ್ಧ ಸಹೋದ್ಯೋಗಿಯೊಬ್ಬರದು. 1970ರ ದಶಕದ ವಿಮಾನ, 150 ಕುದುರೆಶಕ್ತಿಯ ಎಂಜಿನ್, ಹಿಂದೊಂದು ಮುಂದೊಂದು ಸೀಟು. ಗಾಲಿಗಳು ಮಾತ್ರ ಮೈಗೆ ಮೀರಿದವು: 31 ಇಂಚಿನ ಮೆತ್ತನೆ ಟೈರುಗಳು. ಗಾಳಿ ಎಷ್ಟು ಕಡಿಮೆ ತುಂಬಿರುತ್ತದೆಂದರೆ ದಪ್ಪ ಕಲ್ಲಿನ ಮೇಲೆ ಹೋದರೆ ಕಲ್ಲನ್ನೇ ಒಳಗೆ ನುಂಗಿಕೊಂಡು ಮುಂದೆ ಉರುಳುತ್ತವೆ. ಇಲ್ಲಿನವರಿಗೆ ಇಂಥ ವಿಮಾನ ನಮ್ಮ ಕಡೆಯ ಬೈಕಿನ ಹಾಗೆ. ರಾಜ್ಯದ ರಾಜಧಾನಿ ಜೂನೋಗೇ ಹೊರಗಿನಿಂದ ರಸ್ತೆಯಿಲ್ಲ. ಹಡಗಿನಲ್ಲಿ ಹೋಗಬೇಕು, ಇಲ್ಲ ಹಾರಬೇಕು. ನಾನು ಹೊಟ್ಟೆಪಾಡಿಗೆ ಹಾರುವವಳಲ್ಲ. ವಾರವಿಡೀ ಆಫೀಸಿನಲ್ಲಿ ಕೂತು ಶನಿವಾರಕ್ಕೆ ಕಾಯುವವಳು. ನದಿಯ ಮರಳುದಿಬ್ಬ, ಹುಲ್ಲುಗಾವಲು, ಗುಡ್ಡದ ನೆತ್ತಿ, ಹೀಗೆ ರನ್‌ವೇ ಅಂತ ಯಾರೂ ಗುರುತು ಹಾಕದ ಜಾಗದಲ್ಲಿ ಇಳಿಯುವುದು ನನಗೆ ಹುಚ್ಚು ಹಿಡಿಸಿ ಎಂಟು ವರ್ಷವಾಯಿತು.

ಅಪ್ಪನಿಗೆ ಎಪ್ಪತ್ತೊಂದು. ಅಮ್ಮ ಊರು ಬಿಟ್ಟು ಬರಲಿಲ್ಲ, ಅವರೊಬ್ಬರೇ ಜುಲೈಯಲ್ಲಿ ಬಂದಿದ್ದರು. ಮನೆ ಬಾಗಿಲಿಗೆ ಕರಡಿ ಬರುವ ಊರಲ್ಲಿ ಮಗಳು ಏನು ಮಾಡುತ್ತಾಳೆ ಅಂತ ನೋಡುವುದು ಅವರ ಉದ್ದೇಶ. ನಾನು ಏನು ಮಾಡುತ್ತೇನೆಂದು ತೋರಿಸಬೇಕು ಅನ್ನುವುದು ನನ್ನ ಆಸೆ.

ಹೊರಡುವ ಮೊದಲು ಸಾಮಾನಿನ ಚೀಲ ಬಿಚ್ಚಿ ಒಂದೊಂದಾಗಿ ತೋರಿಸಿದೆ. ಅಲಾಸ್ಕಾದ ಆಗಿನ ಕಾನೂನಿನ ಪ್ರಕಾರ ತಲೆಗೊಂದು ವಾರಕ್ಕಾಗುವ ಆಹಾರ, ಕೊಡಲಿ, ಚಾಕು, ಮೀನು ಹಿಡಿಯುವ ಗಾಳ, ಬೆಂಕಿ ಹೊತ್ತಿಸುವ ಸಲಕರಣೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸಂಕೇತ ಕೊಡುವ ಸಾಧನ, ಮುಖಕ್ಕೊಂದು ಸೊಳ್ಳೆಬಲೆ ವಿಮಾನದಲ್ಲಿ ಇರಲೇಬೇಕಿತ್ತು. ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಒಂದರವರೆಗೆ ಹಿಮದ ಮೆಟ್ಟು, ಬೆಚ್ಚನೆ ಮಲಗುಚೀಲ ಕೂಡ. ಸೊಳ್ಳೆಬಲೆಗೂ ಕಾನೂನು ಮಾಡಿದ್ದಾರಲ್ಲ ಅಂತ ಅಪ್ಪ ತಲೆದೂಗಿದರು. ಅದರ ಜೊತೆಗೆ ತಾವೇ ತಟ್ಟಿದ ರಾಗಿರೊಟ್ಟಿ, ಊರಿಂದ ತಂದ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿಯನ್ನೂ ತುರುಕಿದರು. ನಾನು ರೆಕ್ಕೆಯ ಕೆಳಗಿನಿಂದ ಪೆಟ್ರೋಲು ಇಷ್ಟು ಗಾಜಿಗೆ ಬಸಿದು ಬೆಳಕಿಗೆ ಹಿಡಿದೆ: ತಿಳಿ ನೀಲಿ, ತಳದಲ್ಲಿ ನೀರಿನ ಗುಳ್ಳೆಯಿಲ್ಲ. ಸಂಜೆ ಆರೂವರೆಗೆ ವಾಪಸ್ ಅಂತ, ಹಾರುವವರ ವಿವರ ಬರೆದಿಟ್ಟುಕೊಳ್ಳುವ ಸರ್ಕಾರಿ ಕೇಂದ್ರವಾದ ಫ್ಲೈಟ್ ಸರ್ವೀಸಿಗೆ ತಿಳಿಸಿದೆ. ಆ ಹೊತ್ತು ಮೀರಿ ಅರ್ಧ ಗಂಟೆ ಸುದ್ದಿಯಿಲ್ಲದಿದ್ದರೆ ಅವರು ವಿಚಾರಿಸಲು ಶುರುಮಾಡುತ್ತಾರೆ.

ಆಂಕರೇಜ್ ಹತ್ತಿರದ ಬರ್ಚ್‌ವುಡ್ ವಿಮಾನ ನಿಲ್ದಾಣದಿಂದ ಎದ್ದು ಪಯೋನಿಯರ್ ಶಿಖರದ ಪಕ್ಕಕ್ಕೆ ಹಾದು ಕನಿಕ್ ಕಣಿವೆಗೆ ತಿರುಗಿದೆವು. ಈ ನದಿ ಒಂದೇ ಧಾರೆಯಲ್ಲ. ಜಡೆ ಬಿಚ್ಚಿ ಹರವಿದಂತೆ ಹತ್ತಾರು ಕವಲು, ನಡುನಡುವೆ ಬೂದು ಬಣ್ಣದ ದಿಬ್ಬ. ಕಣಿವೆಯ ಕೊನೆಗೆ ನೀಲಿ ಬಿರುಕುಗಳ ಕನಿಕ್ ಹಿಮನದಿ. ಹಿಂದೆ ಈ ಹಿಮನದಿ ಬೆಟ್ಟಕ್ಕೆ ಒತ್ತಿ ನಿಂತು ಜಾರ್ಜ್ ಕೆರೆಗೆ ಕಟ್ಟೆಯಾಗುತ್ತಿತ್ತು. ಹೆಚ್ಚುಕಮ್ಮಿ ಪ್ರತಿ ಬೇಸಿಗೆ ಕಟ್ಟೆ ಒಡೆದು, ಕೆರೆಯೇ ಖಾಲಿಯಾಗಿ ಕೆಳಗಿನ ಬಯಲೆಲ್ಲ ಮುಳುಗುತ್ತಿತ್ತು. 1966ರಲ್ಲಿ ಕೊನೆಯ ಸಲ ಹಾಗಾಯಿತು. ಇದನ್ನೆಲ್ಲ ಇಯರ್‌ಫೋನಿನಲ್ಲಿ ಅಪ್ಪನಿಗೆ ಹೇಳುತ್ತ ಹೋದೆ. ನೀರಿನ ಬಗ್ಗೆ ಅಷ್ಟೆಲ್ಲ ಹೇಳಿದವಳು ಆಮೇಲೆ ನೀರನ್ನೇ ಮರೆತೆ.

ಇಳಿಯುವ ಮೊದಲು ನೋಡುವುದೇ ಈ ಹವ್ಯಾಸದ ಮುಕ್ಕಾಲು ಪಾಲು. ಮೊದಲು ಎತ್ತರದಿಂದ ಒಂದು ಸುತ್ತು. ಹೀಗೆ ನೆಲ ನೋಡುತ್ತ ಸುತ್ತುವಾಗಲೇ ಎಷ್ಟೋ ಜನ ಪ್ರಾಣ ಕಳೆದುಕೊಂಡಿದ್ದಾರೆ. ಕೆಳಗಿನ ಕಡವೆಯಂಥ ಮೂಸ್ ನೋಡುವ ಆಸೆಗೆ ತಿರುವನ್ನು ಬಿಗಿ ಮಾಡುತ್ತ, ವೇಗ ಇಳಿದದ್ದು ಗೊತ್ತಾಗದೆ ವಿಮಾನ ಕುಸಿಯುತ್ತದೆ. ಇಲ್ಲಿನವರು ಅದಕ್ಕೆ 'ಮೂಸ್ ಸ್ಟಾಲ್' ಅಂತಲೇ ಹೆಸರಿಟ್ಟಿದ್ದಾರೆ. ಹಾಗಾಗಿ ನನ್ನ ಕಣ್ಣು ಒಂದು ಸಲ ದಿಬ್ಬಕ್ಕೆ, ಎರಡು ಸಲ ವೇಗದ ಮುಳ್ಳಿಗೆ. ಆಮೇಲೆ ದಿಬ್ಬದ ಉದ್ದಕ್ಕೂ ತಗ್ಗಿನಲ್ಲಿ ಹಾದುಹೋಗುವುದು. ನೆಲದ ಲೆಕ್ಕದಲ್ಲಿ ಗಂಟೆಗೆ 60 ಮೈಲಿ ವೇಗವಿದ್ದರೆ ಸೆಕೆಂಡಿಗೆ 88 ಅಡಿ. ಈ ತುದಿಯಿಂದ ಆ ತುದಿಗೆ ಎಣಿಸಿದರೆ ಉದ್ದ ಸಿಗುತ್ತದೆ. ಮೊದಲು ನೋಡಿದ ದಿಬ್ಬದ ಮೇಲೆ ಗಾಲಿಗಳನ್ನು ಹಗುರಾಗಿ ಸವರಿಸಿ ಮೇಲೆದ್ದು ತಿರುಗಿ ನೋಡಿದೆ. ಗಾಲಿಯ ಗೀರಿನಲ್ಲಿ ಕಪ್ಪಗೆ ನೀರು ಜಿನುಗಿತ್ತು. ಬೇಡ ಅಂತ ಬಿಟ್ಟೆ. ಎರಡನೆಯದು ಗಟ್ಟಿಯಿತ್ತು. ಹನ್ನೊಂದು ಎಣಿಸಿದೆ, ಅಂದರೆ 950 ಅಡಿಯ ಆಸುಪಾಸು. ಹಿಮನದಿಯಿಂದ ಬೀಸುವ ಗಾಳಿಗೆ ಎದುರಾಗಿ ಮೂರೂವರೆಗೆ ಇಳಿದೆವು.

ಎಂಜಿನ್ ನಿಂತ ಮೇಲೆ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಅಪ್ಪ ಇಳಿದು ನಿಂತವರು ಬಹಳ ಹೊತ್ತು ಮಾತಾಡಲಿಲ್ಲ. ನೀರು ಏರಿದರೆ ತಿಳಿಯಲಿ ಅಂತ ನಾನು ಎಂದಿನಂತೆ ನೀರಂಚಿಗೆ ವಿಲ್ಲೋ ಪೊದೆಯ ಒಂದು ಕಡ್ಡಿ ನೆಟ್ಟೆ. ಹಿಮನದಿಯ ನೀರು ನಮ್ಮ ಹೊಳೆಯ ನೀರಿನ ಹಾಗಲ್ಲ. ಮಳೆ ಬೇಕಿಲ್ಲ, ಬಿಸಿಲು ಸಾಕು. ಬೆಳಗಿನಿಂದ ಕರಗಿದ್ದು ಮಧ್ಯಾಹ್ನ ಕಳೆದು ಸಂಜೆಯ ಹೊತ್ತಿಗೆ ಏರುತ್ತದೆ, ರಾತ್ರಿ ತಂಪಿಗೆ ಮತ್ತೆ ಇಳಿಯುತ್ತದೆ. ಅದಕ್ಕೇ ನಾಲ್ಕೂವರೆಗೆ ಹೊರಡುವುದು ಅಂತ ಮೊದಲೇ ತೀರ್ಮಾನಿಸಿದ್ದೆ.

ಹೊರಡಲಿಲ್ಲ. ರೊಟ್ಟಿ ತಿಂದೆವು. ಅಪ್ಪ ಕಲ್ಲು ಆರಿಸಿದರು, ಕರಡಿಯ ಹೆಜ್ಜೆ ಅಳೆದರು, ತಮ್ಮ ಅಪ್ಪನ ಕಥೆ ಹೇಳಿದರು. ನಾನು ಕೇಳಿಯೇ ಇರದ ಕಥೆಗಳು. ಹನ್ನೆರಡು ವರ್ಷದಿಂದ ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ ಅನ್ನುವಷ್ಟರಲ್ಲೇ ಮುಗಿಯುತ್ತಿದ್ದ ಮಾತು ಅವತ್ತು ಹೊಳೆದಂಡೆಯಲ್ಲಿ ಹರಿಯಿತು. ಅದನ್ನು ತಡೆಯಲು ನನಗೆ ಮನಸ್ಸಾಗಲಿಲ್ಲ.

"ಮಳೆ ಬಂದಿಲ್ಲ, ಏನಿಲ್ಲ. ನೀನು ನೆಟ್ಟ ಕಡ್ಡಿ ನೀರೊಳಗೈತಲ್ಲಮ್ಮ?"

ಗಡಿಯಾರ ನೋಡಿದೆ. ಐದೂ ಮುಕ್ಕಾಲು. ಕಡ್ಡಿ ದಂಡೆಯಿಂದ ನಾಲ್ಕು ಮಾರು ಒಳಗೆ ನೀರಲ್ಲಿ ಅಲ್ಲಾಡುತ್ತಿತ್ತು. ಹೊಟ್ಟೆಯೊಳಗೆ ತಣ್ಣಗಾಯಿತು. ನಾವು ಇಳಿದ ದಾರಿಯ ಕೆಳತುದಿಗೆ ನದಿ ಒಂದು ನಾಲಿಗೆ ಚಾಚಿತ್ತು. ಉಳಿದದ್ದನ್ನು ಹೆಜ್ಜೆ ಹಾಕಿ ಅಳೆದೆ: 240 ಹೆಜ್ಜೆ, ಆರುನೂರು ಅಡಿ. ಸಾಲದಕ್ಕೆ ನೆಲದಡಿಯಿಂದಲೂ ನೀರು ಏರಿ, ಬಲಗಾಲಿ ಕಾಲುಭಾಗ ಹೂಳಿನಲ್ಲಿ ಇಳಿದಿತ್ತು. ತಪ್ಪು ಪೂರ್ತಿ ನನ್ನದು. ಗೊತ್ತಿಲ್ಲದೆ ಆದದ್ದಲ್ಲ, ಗೊತ್ತಿದ್ದೂ ಮಾಡಿದ್ದು.

ಅಪ್ಪನ ಮುಖದಲ್ಲಿ ಗಾಬರಿ ಇರಲಿಲ್ಲ. "ಕೊಡಲಿ ಕೊಡು" ಅಂದರು. ಅರ್ಕಾವತಿಯಲ್ಲಿ ನೀರಿದ್ದ ಕಾಲಕ್ಕೆ ಮರಳಲ್ಲಿ ಹೂತ ಗಾಡಿಗಳನ್ನು ಎಷ್ಟು ಸಲ ಎತ್ತಿದ್ದರೋ! ಗಾಲಿಯ ಮುಂದೆ ಇಳಿಜಾರಾಗಿ ಕೆರೆದರು, ವಿಲ್ಲೋ ಕೊಂಬೆ ಕಡಿದು ಅಡ್ಡಡ್ಡ ಹಾಸಿದರು, ಅದರ ಮೇಲೆ ಚಪ್ಪಟೆ ಕಲ್ಲು. ನಾನು ಬಾಲ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿದೆ. ಹೂಳು ಬಚಕ್ ಅಂತ ಗಾಲಿಯನ್ನು ಬಿಟ್ಟಿತು. ಎಂಜಿನ್ ಹಚ್ಚದೆಯೇ ಇಬ್ಬರೂ ತಳ್ಳಿ ಗಟ್ಟಿ ನೆಲಕ್ಕೆ ತಂದೆವು.

ಇಂಥ ಕಡೆ ಒಂದು ಲೆಕ್ಕವಿದೆ. ಇರುವ ಉದ್ದದ ಅರ್ಧ ಮುಗಿಯುವಷ್ಟರಲ್ಲಿ, ಏಳಲು ಬೇಕಾದ ವೇಗದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬಂದಿರಬೇಕು. ಬಾರದಿದ್ದರೆ ನಿಲ್ಲಿಸಬೇಕು. 120ನೇ ಹೆಜ್ಜೆಯಲ್ಲಿ ನನ್ನ ಕಿತ್ತಳೆ ಜಾಕೆಟ್ಟನ್ನು ಕಲ್ಲಿಟ್ಟು ಹಾಸಿದೆ. "ಅಪ್ಪ, ಅಲ್ಲಿಗೆ ಹೋಗೋವಾಗ ನಾನು ನಿಲ್ಲಿಸಿದ್ರೆ ಹೆದರಬೇಡಿ, ನಿಲ್ಲಿಸಬೇಕು ಅಂತಲೇ ನಿಲ್ಲಿಸಿರ್ತೀನಿ" ಅಂದೆ. ಬ್ರೇಕ್ ಒತ್ತಿ ಹಿಡಿದು, ಪೂರ್ತಿ ಥ್ರಾಟಲ್ ಕೊಟ್ಟು, ಬ್ರೇಕ್ ಬಿಟ್ಟೆ. ಮೊದಲ ಮೂವತ್ತು ಹೆಜ್ಜೆ ನೆಲ ಗಾಲಿಗಳನ್ನು ಹಿಂದಕ್ಕೆ ಜಗ್ಗಿತು. ಜಾಕೆಟ್ ಹತ್ತಿರ ಬಂದಾಗ ಮುಳ್ಳು ಎಂಟು ಮೈಲಿ ಕಡಿಮೆ ತೋರಿಸುತ್ತಿತ್ತು. ಎದ್ದೇಬಿಡುತ್ತದೆ, ಇನ್ನೊಂಚೂರು, ಅಂತ ಮೈಯ ಪ್ರತಿ ನರವೂ ಹೇಳುತ್ತಿತ್ತು. ಥ್ರಾಟಲ್ ಹಿಂದಕ್ಕೆಳೆದು ಎಂಜಿನ್ ಇಳಿಸಿಬಿಟ್ಟೆ. ನೀರಿಗೆ ಅರವತ್ತು ಹೆಜ್ಜೆ ಇರುವಾಗ ನಿಂತೆವು. ನನ್ನ ಕೈ ನಡುಗುತ್ತಿತ್ತು.

ಬೆಳಗಿನವರೆಗೆ ಕಾಯಬಹುದಿತ್ತು. ಆಹಾರವಿದೆ, ಕಾನೂನು ಹೇಳಿದ ಸೊಳ್ಳೆಬಲೆಯೂ ಇದೆ. ಆದರೆ ಅಷ್ಟರಲ್ಲಿ ದಿಬ್ಬ ಎಷ್ಟು ಉಳಿಯುತ್ತದೆ? ಯೋಚಿಸುತ್ತ ನಿಂತಾಗ ಅಪ್ಪ ಎಡಕ್ಕೆ ಕೈ ತೋರಿಸಿದರು. ಗುಲಾಬಿ ಬಣ್ಣದ ಕುಳ್ಳು ಹೂಗಿಡಗಳ ಒಂದು ಪಟ್ಟಿ ದಿಬ್ಬದ ಉದ್ದಕ್ಕೂ ಹೋಗಿತ್ತು. ಪಾದದ ಗಂಟಿನೆತ್ತರದ ಫೈರ್‌ವೀಡ್.

"ಗಿಡ ಬೇರು ಬಿಟ್ಟೈತೆ ಅಂದ್ರೆ ಅಲ್ಲಿಗೆ ನೀರು ದಿನಾ ಹತ್ತಲ್ಲ ಕಣಮ್ಮ. ನೆಲ ಗಟ್ಟಿ ಇರ್ತದೆ."

ಹಿಮ್ಮಡಿಯಿಂದ ಒದ್ದು ನೋಡಿದೆ. ಗಟ್ಟಿಯಿತ್ತು. ಮೇಲಿನಿಂದ ನೋಡುವಾಗ ಕಲ್ಲು ಜಾಸ್ತಿ ಅಂತ ನಾನೇ ತಳ್ಳಿಹಾಕಿದ್ದ ಜಾಗ ಅದು. ಇಪ್ಪತ್ತು ನಿಮಿಷ ಬಗ್ಗಿ ತಲೆಗಾತ್ರದ ಕಲ್ಲುಗಳನ್ನೆಲ್ಲ ಎತ್ತಿ ಪಕ್ಕಕ್ಕೆಸೆದೆವು. ಜಾಕೆಟ್ಟನ್ನು ಹೊಸ ಅರ್ಧಕ್ಕೆ ತಂದು ಹಾಸಿದೆ, ಅದು ಅಲ್ಲೇ ಉಳಿಯುತ್ತದೆಂದು ಗೊತ್ತಿದ್ದೇ. ಈ ಸಲ ಗಾಲಿಗಳು ಗಡಗಡ ಅಂದರೂ ಜಗ್ಗಲಿಲ್ಲ. ಬಾಲ ಬೇಗ ಎದ್ದಿತು. ಜಾಕೆಟ್ ಬಂದಾಗ ಮುಳ್ಳು ನನ್ನ ಗುರುತು ದಾಟಿ ಮೂರು ಮೈಲಿ ಮುಂದಿತ್ತು. ರೆಕ್ಕೆಗೆ ಇನ್ನಷ್ಟು ಎತ್ತುವ ಬಲ ಕೊಡುವ ಫ್ಲ್ಯಾಪ್ ಎಳೆದೆ. ಸದ್ದು ಒಮ್ಮೆಲೇ ನಿಂತು ನೆಲ ಜಾರಿಹೋಯಿತು. ನೀರಿನ ಮೇಲೆ ಆಳೆತ್ತರದಲ್ಲಿ ಸಮನಾಗಿ ಓಡಿಸಿ, ವೇಗ ಕೂಡಿದ ಮೇಲೆ ಎತ್ತರಕ್ಕೆ ತಿರುಗಿಸಿದೆ.

ಆಗ ಆರೂ ಐವತ್ತು. ಕಣಿವೆಯ ತಳದಿಂದ ರೇಡಿಯೋ ಸಿಕ್ಕಿರಲಿಲ್ಲ. ಮೇಲೇರಿದ ಕೂಡಲೇ ಫ್ಲೈಟ್ ಸರ್ವೀಸನ್ನು ಕರೆದು ಹೊತ್ತು ಮುಂದೂಡಿಸಿದೆ. ಬರ್ಚ್‌ವುಡ್ ಕಾಣುವವರೆಗೂ ಹಿಂದಿನ ಸೀಟಿನಿಂದ ಒಂದು ಮಾತೂ ಬರಲಿಲ್ಲ. ಹೆದರಿದ್ದಾರೆ ಅಂದುಕೊಂಡೆ. ತಿರುಗಿ ನೋಡಿದರೆ ಕಿಟಕಿಗೆ ಹಣೆಯೊತ್ತಿ ಕೆಳಗಿನ ಕವಲುಗಳನ್ನು ನೋಡುತ್ತಿದ್ದರು.

ವಿಮಾನಕ್ಕೆ ಹಗ್ಗ ಕಟ್ಟಿ, ಚೀಲ ಇಳಿಸಲು ಹಿಂದೆ ಕೈ ಹಾಕಿದೆ. ಸೀಟಿನ ಪಕ್ಕದಲ್ಲಿ ಆ ವಿಲ್ಲೋ ಕಡ್ಡಿ ಇತ್ತು, ಇನ್ನೂ ಒದ್ದೆ. ನಾನು ಕಲ್ಲೆಸೆಯುತ್ತಿದ್ದಾಗ ಅಪ್ಪ ಯಾವಾಗಲೋ ನೀರಿಗಿಳಿದು ಕಿತ್ತು ತಂದಿದ್ದರು. ಚಾಕುವಿನಿಂದ ಗೇಣಿಗೊಂದು ಕಚ್ಚು ಹಾಕಿ, ತಲೆಗೆ ತಮ್ಮ ಕೆಂಪು ಕರ್ಚೀಫು ಕಟ್ಟಿದ್ದರು.

"ದೂರದಿಂದ ಕಾಣ್ಲಿ ಅಂತ" ಅಂದರು.

ಕೊಡಲಿಯ ಪಕ್ಕದಲ್ಲಿ ಅದಕ್ಕೂ ಜಾಗ ಮಾಡಿದೆ.