ಮೊದಲು ಟಯರು, ಲಿಫ್ಟೆಲ್ಲ ಆಮೇಲೆ

ನನ್ನ ಇಸುಜು ವಿ-ಕ್ರಾಸ್ ಪಿಕಪ್ ಟ್ರಕ್ಕಿಗೆ ಲಿಫ್ಟ್ ಹಾಕಿಸ್ತೇನೆ, ಅಂದ್ರೆ ಗಾಡಿ ಎತ್ತರ ಮಾಡಿಸ್ತೇನೆ ಅಂತ ಹೊರಟಾಗ ಭಾವ ಕೇಳಿದ್ದು ಒಂದೇ, "ಈಗ ನಿನ್ನ ಗಾಡಿಯ ಅಡಿ ಎಲ್ಲಿ ತಾಗ್ತದೆ ಹೇಳು ಮಾರಾಯ?" ನನ್ನತ್ರ ಉತ್ತರ ಇರ್ಲಿಲ್ಲ, ಯಾಕಂದ್ರೆ ಎಲ್ಲೂ ತಾಗ್ತಿರ್ಲಿಲ್ಲ. ರಾತ್ರಿ ಮಲಗಿಕೊಂಡು ಇದೇ ಗಾಡಿಯ ಥಾಯ್ಲೆಂಡಿನವರ ಡಿ-ಮ್ಯಾಕ್ಸ್ ವಿಡಿಯೋ ನೋಡಿ ನೋಡಿ ಮಂಡೆ ಹಾಳಾಗಿತ್ತು ಅಷ್ಟೇ.

ನನ್ನದು ಹಳೇ 2.5 ಲೀಟರಿನ ಗಾಡಿ, 245/70 ಆರ್16 ಟಯರಿನದ್ದು. ಮನೆ ಉಡುಪಿಯಲ್ಲಿ, ತೋಟ ಹೆಬ್ರಿಯಿಂದ ಸ್ವಲ್ಪ ಒಳಗೆ. ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣುರಸ್ತೆ, ನಡುವಲ್ಲಿ ಒಂದು ತೋಡು, ತೋಡು ದಾಟಿದ ಕೂಡ್ಲೆ ಮುರಕಲ್ಲಿನ ಏರು. ಬೇಸಿಗೆಯಲ್ಲಿ ಅದು ಎಂತದ್ದೂ ಅಲ್ಲ, ಸ್ಕೂಟರೂ ಹೋಗ್ತದೆ. ಜುಲೈಯಲ್ಲಿ ಆ ಕಲ್ಲಿನ ಮೇಲೆ ಹಸುರು ಪಾಚಿ ಕಟ್ಟಿ, ಅದರ ಮೇಲೆ ಕೆಂಪು ಕೆಸರು ಸವರಿದ ಹಾಗೆ ಕೂತಿರ್ತದೆ, ಆಗ ನಡ್ಕೊಂಡು ಹೋಗುವವರೂ ಚಪ್ಪಲಿ ಕೈಯಲ್ಲಿ ಹಿಡ್ಕೊಳ್ತಾರೆ.

ಆದ್ರೂ ಕೇಳ್ಲಿಲ್ಲ, ಒಂದು ಗ್ಯಾರೇಜಿಗೆ ಹೋಗಿ ಮೂರು ಇಂಚು ಎತ್ತಿಸಿಯೇ ಬಿಟ್ಟೆ. ಮುಂದೆ ಶಾಕಿನ ಮೇಲೆ ಸ್ಪೇಸರ್ ಅನ್ನುವ ದಪ್ಪ ಬಿಲ್ಲೆ, ಹಿಂದೆ ಪ್ಲೇಟ್ ಹಿಡಿಯುವ ಕೊಂಡಿ, ಅಂದ್ರೆ ಶ್ಯಾಕಲ್, ಉದ್ದದ್ದು, ಮಧ್ಯಾಹ್ನ ಊಟದೊಳಗೆ ಕೆಲಸ ಮುಗೀತು. ನೋಡ್ಲಿಕ್ಕೆ ಗಮ್ಮತ್ತಿತ್ತು, ಸುಳ್ಳು ಯಾಕೆ ಹೇಳುದು. ಜುಲೈಯಲ್ಲಿ ಆ ಏರಿಗೆ ಹೋದೆ, ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಮೆಲ್ಲನೆಯ ಗೇರು, ಫೋರ್ ಲೋ, ಹಾಕಿದೆ, ಅರ್ಧ ಹತ್ತಿದ ಮೇಲೆ ಚಕ್ರ ಸುಮ್ಮನೆ ತಿರುಗ್ಲಿಕ್ಕೆ ಶುರು, ಬ್ರೇಕ್ ಒತ್ತಿದ್ರೂ ಗಾಡಿ ನಿಲ್ಲದೆ ಮೆಲ್ಲ ಹಿಂದೆ ಜಾರಿ ಜಾರಿ ತೋಡಿನ ನೀರಿಗೇ ಬಂತು. ಮೂರು ಇಂಚು ಎತ್ತರದಿಂದ ಜಾರಿದೆ ಅನ್ನುದು ಬಿಟ್ರೆ ಬೇರೆ ಎಂತ ಲಾಭವೂ ಆಗ್ಲಿಲ್ಲ.

ಒಂದು ತಿಂಗಳು ಕಳೆದು, ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೆ ಮುಂದಿನಿಂದ ಕಟಕಟ ಸದ್ದು. ಬಗ್ಗಿ ನೋಡಿದ್ರೆ ಎಡಗಡೆ ರಿಮ್ಮಿನ ಒಳಮೈಗೆಲ್ಲ ಕಪ್ಪು ಗ್ರೀಸು ಚಿಮ್ಮಿದೆ, ಆಕ್ಸಲಿನ ಜಾಯಿಂಟ್ ಮುಚ್ಚುವ ರಬ್ಬರು, ಸಿವಿ ಬೂಟ್, ಹರಿದಿದೆ. ಈ ಗಾಡಿಗೆ ಮುಂದೆ ಒಂದೊಂದು ಚಕ್ರ ಬೇರೆ ಬೇರೆ ಆಡುವ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದ್ರೆ ಬಾಡಿ ಮೇಲೆ ಎತ್ತಿದ್ರೆ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಉಂಡೆ ಬಾಡಿಯ ಜೊತೆ ಮೇಲೆ ಹೋಗ್ತದೆ, ಚಕ್ರ ಕೆಳಗೇ ಇರ್ತದೆ, ನಡುವಿನ ಆಕ್ಸಲ್ ಶಾಫ್ಟ್ ಓರೆ ಆಗ್ತದೆ, ಆ ಓರೆಯಲ್ಲೇ ದಿನಾ ತಿರುಗಿ ತಿರುಗಿ ಬೂಟ್ ಸವೀತದೆ. ಮೇಲಿನ ಬಾಲ್ ಜಾಯಿಂಟಿಗೂ ಅದೇ ಗತಿ. ಸ್ಪೇಸರ್ ಹಾಕಿದ್ರೆ ಸ್ಪ್ರಿಂಗಿಗೆ ಹೊಸ ಶಕ್ತಿ ಎಂತದ್ದೂ ಬರುದಿಲ್ಲ, ಹಳೇ ಶಾಕನ್ನೇ ಕೆಳಗೆ ದೂಡಿದ ಹಾಗೆ. ಚಕ್ರ ನೇರ ಮಾಡುವ ಅಲೈನ್‌ಮೆಂಟ್ ಮಾಡಿಸಿದ್ದೀರಾ ಅಂತ ಗ್ಯಾರೇಜಿನವರೂ ಕೇಳ್ಲಿಲ್ಲ, ನಾನೂ ನೆನಪು ಮಾಡ್ಲಿಲ್ಲ, ಟಯರಿನ ಒಳಅಂಚು ಬೇರೆ ತಿಂದುಹೋಗಿತ್ತು.

ಎಲ್ಲ ಬಿಚ್ಚಿಸಿದೆ. ಈ ಸಲ ಮೊದಲು ಟಯರು.

ಇಲ್ಲೊಂದು ಲೆಕ್ಕ ಉಂಟು, ಅದು ನನಗೆ ಮೊದಲೇ ತಲೆಗೆ ಹೋಗಿದ್ರೆ ದುಡ್ಡು ಉಳೀತಿತ್ತು. ಹಿಂದಿನ ಆಕ್ಸಲ್ ಒಂದೇ ಗಟ್ಟಿ ಕಂಬ, ಅದರ ನಡುವಿನ ಡಿಫರೆನ್ಷಿಯಲ್ ಉಂಡೆಯೇ ಕಲ್ಲಿಗೆ ತಾಗುವ ಜಾಗ, ಸಸ್ಪೆನ್ಷನ್ ಎಷ್ಟು ಎತ್ತಿದ್ರೂ ಆ ಉಂಡೆ ಒಂದು ಕೂದಲಿನಷ್ಟೂ ಮೇಲೆ ಬರುದಿಲ್ಲ. ಅದನ್ನು ಎತ್ತುದು ಟಯರು ಮಾತ್ರ. 245/70 ಆರ್16 ಟಯರಿನ ಎತ್ತರ ಸುಮಾರು 749 ಎಂಎಂ, 265/70 ಹಾಕಿದ್ರೆ 777. ವ್ಯತ್ಯಾಸ 28, ಅದರ ಅರ್ಧ 14 ಎಂಎಂ ಆ ಉಂಡೆಗೆ ಸಿಗ್ತದೆ. ಸ್ಪೀಡೋಮೀಟರ್ 100 ತೋರಿಸುವಾಗ ಚಕ್ರ ಹಳೇ ಲೆಕ್ಕಕ್ಕಿಂತ ಸುಮಾರು 4 ಕಿಲೋಮೀಟರ್ ಜಾಸ್ತಿ ಓಡ್ತಿರ್ತದೆ, ಅದೂ ನೆನಪಿರ್ಲಿ. ಪಿಕಪ್ ಸಹ ಚೂರು ಕಮ್ಮಿ ಆಗ್ತದೆ.

ಕೆಸರಿನ ಮಡ್ ಟೆರೇನ್ (ಎಂ/ಟಿ) ಟಯರಾ, ಎಲ್ಲ ರಸ್ತೆಯ ಆಲ್ ಟೆರೇನ್ (ಎ/ಟಿ) ಟಯರಾ ಅಂತ ಒಂದು ವಾರ ಮಂಡೆಬಿಸಿ. ಕೆಸರಿಗೆ ಎಂ/ಟಿಯೇ ಒಳ್ಳೇದು, ಅದರ ದೊಡ್ಡ ಸಂದಿಯಿಂದ ಮಣ್ಣು ಹಾರಿಹೋಗ್ತದೆ. ಎ/ಟಿಯ ಸಂದಿಯಲ್ಲಿ ನಮ್ಮ ಕೆಂಪು ಅಂಟುಮಣ್ಣು ತುಂಬಿದ್ರೆ ಅದು ಲಟ್ಟಣಿಗೆ ಆಗ್ತದೆ. ಆದ್ರೆ ನಾನು ಕೆಸರಲ್ಲಿ ಓಡಿಸುದು ಒಂದೂವರೆ ಕಿಲೋಮೀಟರ್, ಉಳಿದದ್ದೆಲ್ಲ ಒದ್ದೆ ಡಾಂಬರು, ನಡುನಡುವೆ ಆಗುಂಬೆ ಘಾಟಿಯ 14 ತಿರುವು. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡೀಬೇಕಾದ್ರೆ ಟಯರಿನ ಮೈಮೇಲೆ ಸಣ್ಣ ಸಣ್ಣ ಗೀರು ಬೇಕು, ಎಂ/ಟಿಯಲ್ಲಿ ಅದು ಕಮ್ಮಿ, ಮೇಲಿಂದ ಹೆಬ್ರಿಯಿಂದ ಉಡುಪಿ ತನಕ ಹುಯ್ಯೋ ಅಂತ ಸದ್ದು. ಹಾಗೆ ಎ/ಟಿ ತಗೊಂಡೆ. ಅದರ ಬದಿಯಲ್ಲಿ ಗುಡ್ಡ ಮತ್ತು ಹಿಮದ ಹರಳಿನ ಗುರುತು ಉಂಟು, ಹಿಮಕ್ಕೆ ಪಾಸಾದ ಟಯರಂತೆ, ಉಡುಪಿಯಲ್ಲಿ ಹಿಮ ಬಿದ್ದ ದಿನ ನಾನು ರೆಡಿ. ಎಲ್‌ಟಿ ಅಂತ ಬರೆದ ಗಟ್ಟಿ ಬದಿಯ ಟಯರು ಬೇಕಾ ಅಂತ ಕೇಳಿದ್ರೆ, ಚೂಪು ಕಲ್ಲಿನ ದಾರಿಯವರಿಗೆ ಬೇಕು. ಆದ್ರೆ ಅದು ಭಾರ, ಸವಾರಿ ಗಡುಸು, ಅದೇ ಲೋಡಿಗೆ ಗಾಳಿಯೂ ಜಾಸ್ತಿ ಕೇಳ್ತದೆ.

ಟಯರಿನಷ್ಟೇ ಉಪಕಾರ ಮಾಡಿದ್ದು ಗಾಳಿ ಬಿಡುವ ಅಭ್ಯಾಸ. ತೋಡಿನ ಈಚೆ ನಿಲ್ಲಿಸಿ 32ರಿಂದ 20 ಪಿಎಸ್‌ಐಗೆ ಇಳಿಸ್ತೇನೆ, ಟಯರು ಚಪ್ಪಟೆಯಾಗಿ ನೆಲವನ್ನು ಉದ್ದಕ್ಕೆ ಹಿಡೀತದೆ. ಅದೇ ಏರು, ಅದೇ ಪಾಚಿ, ಫೋರ್ ಲೋ, ಎರಡನೇ ಗೇರು, ಆಕ್ಸಿಲೇಟರಿನಲ್ಲಿ ಕಾಲು ಅಲ್ಲಾಡಿಸದೆ ಹೋದ್ರೆ ಗಾಡಿ ಉಸಿರು ಹಿಡ್ಕೊಂಡ ಹಾಗೆ ಮೆಲ್ಲ ಹತ್ತಿತು. ವಾಪಸ್ ಬರುವಾಗ ಡಾಂಬರು ಸಿಕ್ಕಿದ ಕೂಡ್ಲೆ ಗಾಳಿ ತುಂಬಿಸ್ಬೇಕು, ಬ್ಯಾಟರಿಗೆ ಸಿಕ್ಕಿಸುವ ಕಂಪ್ರೆಸರ್ ಇಲ್ಲದಿದ್ರೆ ಈ ಆಟವೇ ಬೇಡ.

ಲಿಫ್ಟ್ ಪೂರ್ತಿ ಬಿಟ್ಟೆನಾ? ಇಲ್ಲ. ಹೊಸ ಟಯರು ಸ್ಟೇರಿಂಗ್ ತಿರುಗಿಸಿ ಗುಂಡಿಗೆ ಇಳಿದ್ರೆ ಒಳಗಿನ ಪ್ಲಾಸ್ಟಿಕಿಗೆ ಉಜ್ಜುತ್ತಿತ್ತು. ಅದಕ್ಕೆ ಈ ಸಲ 40 ಎಂಎಂ ಮಾತ್ರ ಎತ್ತಿಸಿದೆ, ಸ್ಪ್ರಿಂಗು ಶಾಕು ಹಿಂದಿನ ಪ್ಲೇಟು (ಲೀಫ್ ಸ್ಪ್ರಿಂಗು) ಎಲ್ಲ ಒಂದೇ ಸೆಟ್ಟು, ಹಾಕಿದ ದಿನವೇ ಅಲೈನ್‌ಮೆಂಟ್. ಪ್ಲೇಟ್ ಆರಿಸುವಾಗ ಹಿಂದೆ ಯಾವಾಗಲೂ ಎಷ್ಟು ಭಾರ ಇರ್ತದೆ ಅಂತ ಕೇಳ್ತಾರೆ, ಅಲ್ಲಿ ದೊಡ್ಡಸ್ತಿಕೆ ಬೇಡ. ನಾನು ಅಡಿಕೆ ಗೋಣಿ ಹೇರುದು ವರ್ಷಕ್ಕೆ ನಾಲ್ಕೈದು ಸಲ, ಹೆವಿ ಪ್ಲೇಟ್ ತಗೊಂಡಿದ್ರೆ ಉಳಿದ ದಿನ ಖಾಲಿ ಗಾಡಿ ಆಡಿನ ಮರಿ ಹಾಗೆ ಹಾರ್ತಿತ್ತು.

ಇನ್ನೊಂದು, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಾಡು ಮಾಡ್ಲಿಕ್ಕಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದದ್ದು. ಹಾಗಾಗಿ ನನ್ನನ್ನು ನೋಡಿ ಕೈ ಹಾಕ್ಬೇಡಿ, ಆರ್‌ಟಿಒದಲ್ಲಿ, ಇನ್ಶೂರೆನ್ಸಿನವರತ್ರ ಮೊದಲೇ ಕೇಳಿ. ಕಡಲಬದಿಯವರಾದ್ರೆ ಮಳೆ ಬಿಟ್ಟ ಮೇಲೆ ಯು-ಬೋಲ್ಟು, ಶ್ಯಾಕಲ್ ಪಿನ್ನು ಒಮ್ಮೆ ಬಗ್ಗಿ ನೋಡಿ, ಉಪ್ಪುಗಾಳಿಗೆ ಹೊಸ ಕಬ್ಬಿಣವೂ ಒಂದೇ ವರ್ಷದಲ್ಲಿ ಕೆಂಪಾಗ್ತದೆ.

ಈಗ ಬಾಕಿ ಇರುದು ಸೈಡ್ ಸ್ಟೆಪ್. 40 ಎಂಎಂ ಅಂದ್ರೆ ನನಗೆ ಎಂತದ್ದೂ ಅಲ್ಲ, ಅಮ್ಮನ ಮೊಣಕಾಲಿಗೆ ಅದು ದೊಡ್ಡದೇ. ಮೊನ್ನೆ ಕಟೀಲಿಗೆ ಹೊರಡುವಾಗ ಅಡುಗೆಕೋಣೆಯಿಂದ ಮಣೆ ತಂದು ಬಾಗಿಲ ಕೆಳಗೆ ಇಟ್ಟು, "ಇದು ಗಾಡಿಯಾ ಅಟ್ಟವಾ?" ಅಂತ ಕೇಳಿ ಹತ್ತಿದ್ರು. ಮಣೆ ಈಗ ಹಿಂದಿನ ಸೀಟಿನ ಅಡಿಯಲ್ಲೇ ಉಂಟು.