ಹಿರಿಯರನ್ನು ಆಟಕ್ಕೆ ಕರೆಯುವಾಗ

ಟೇಬಲ್ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಒಬ್ಬರು ಆಡಿಸುವವರಾಗಿ, ಡೈಸ್ ಉರುಳಿಸುತ್ತ ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಸತ್ತವರು ಅಂದರೆ ಹೆಚ್ಚಾಗಿ ಕಡಿದು ಕೆಡವಬೇಕಾದ ಪ್ರೇತಗಳೇ. 1978ರಲ್ಲಿ ಬಂದ ರೂನ್‌ಕ್ವೆಸ್ಟ್ ಎಂಬ ಆಟ, ಅದು ನಡೆಯುವ ಗ್ಲೊರಾಂತಾ ಎಂಬ ಕಲ್ಪಿತ ಜಗತ್ತು, ಈ ವಿಷಯದಲ್ಲಿ ಬೇರೆ ದಾರಿ ಹಿಡಿದವು. ಅಲ್ಲಿ ಎಲ್ಲರಿಗಿಂತ ಮೊದಲು ಸತ್ತ ಅಜ್ಜನೇ ಡಾಕಾ ಫಾಲ್ ಎಂಬ ಹೆಸರಿನಲ್ಲಿ ಸತ್ತವರ ನ್ಯಾಯ ಮಾಡುವವನು, ಇದ್ದವರನ್ನೂ ತೀರಿಕೊಂಡವರನ್ನೂ ಬೇರೆ ಮಾಡಿದವನು. ಅವನಿಗೆ ನಡೆದುಕೊಳ್ಳುವವರು ತಮ್ಮ ವಂಶದ ಹಿರಿಯರನ್ನು ಕರೆದು ಮಾತಾಡಿಸುತ್ತಾರೆ, ಮೈಮೇಲೂ ಬರಮಾಡಿಕೊಳ್ಳುತ್ತಾರೆ. ಅದೇ ಜಗತ್ತಿನ ಪ್ರಾಕ್ಸ್ ಬಯಲಿನ ಅಲೆಮಾರಿಗಳು ಹಿಂಡಿನ ಪ್ರಾಣಿಯನ್ನು ಕೊಯ್ಯುವುದಕ್ಕೂ ಒಂದು ವಿಧಿಯಿದೆ: ಅದರ ಜೀವ ಹಿಂಡಿನ ತಾಯಿ ಐರಿಥಾಳ ಹತ್ತಿರ ಮರಳಬೇಕು. ಇಲ್ಲಿ ಎಲ್ಲವೂ ಕೊಡು-ಕೊಳ್ಳುವ ಸಂಬಂಧದ ಮೇಲೆ ನಿಂತಿದೆ. ಆಟ ಆಡಿಸುವಾಗ ಮೊದಲು ಕೈತಪ್ಪುವುದೂ ಇದೇ.

ಹುಬ್ಬಳ್ಳಿ-ಧಾರವಾಡದ ಕಡೆ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಹಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ, ತೀರಿಕೊಂಡವರಿಗೆ ಏನು ಸೇರುತ್ತಿತ್ತೋ ಅದನ್ನೇ ಮಾಡಿ ಇಡುತ್ತಾರೆ. ನಿಯಮ ಬರೆಯುವವರು ಇದನ್ನೇ ಹಿಡಿಯಬೇಕು. ‘ನೈವೇದ್ಯ ಕೊಟ್ಟೆ, ಡೈಸ್ ಉರುಳಿಸುತ್ತೇನೆ’ ಅಂದರೆ ಒಪ್ಪಬೇಡಿ. ಯಾವ ಹಿರಿಯನಿಗೆ, ಏನು, ಯಾಕೆ ಎಂದು ಕೇಳಿ.

ಒಂದೊಂದು ಪಾತ್ರಕ್ಕೆ ಮೂವರು ಹಿರಿಯರು ಸಾಕು. ಐವರಾದರೆ ಯಾರ ಹೆಸರೂ ನೆನಪಿರುವುದಿಲ್ಲ. ಮುಖ ನೋಡಿ ಬೆಳೆದ ಮುತ್ಯಾ ಅಥವಾ ಅಜ್ಜಿ ಒಬ್ಬರು, ಮನೆತನದ ಮೂಲಪುರುಷ ಒಬ್ಬ, ಕೆಟ್ಟ ಸಾವು ಕಂಡವರು ಒಬ್ಬರು. ಅಂಗೈಯಗಲದ ಒಂದೊಂದು ರಟ್ಟಿನ ಮೇಲೆ ನಾಲ್ಕೇ ಸಾಲು: ಹೆಸರು ಮತ್ತು ಸಂಬಂಧ, ಸತ್ತ ರೀತಿ, ಬಲ್ಲ ಕಸುಬು, ಈಡೇರದೆ ಉಳಿದ ಮಾತು. ನಾಲ್ಕನೆಯ ಸಾಲು ಖಾಲಿ ಬಿಟ್ಟರೆ ಆ ಹಿರಿಯನಿಂದ ಕಥೆ ಹುಟ್ಟುವುದಿಲ್ಲ.

ಮೂಲಪುರುಷನಿಗೆ ಮಾದರಿ ಬೇಕಿದ್ದರೆ ಹಾವೇರಿ ಜಿಲ್ಲೆಯ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು, ತುದಿಯಲ್ಲಿ ಲಿಂಗದ ಮುಂದೆ ಕುಳಿತ ವೀರ. ಎಷ್ಟೋ ಕಲ್ಲುಗಳು ತುರು ಬಿಡಿಸಲು ಹೋಗಿ ಸತ್ತವರವು. ದನ ಹೊಡೆದುಕೊಂಡು ಹೋಗುವ ಜಗಳ ಗ್ಲೊರಾಂತಾದಲ್ಲೂ ದಿನದ ಮಾತು, ಆದ್ದರಿಂದ ಇಂಥ ಹಿರಿಯ ಅಲ್ಲಿ ಸಲೀಸಾಗಿ ಹೊಂದುತ್ತಾನೆ. ಕಲ್ಲು ನಿಂತ ಜಾಗವೇ ಕರೆಯುವ ಜಾಗವಾಗಲಿ. ಬೇರೆಲ್ಲಿ ಕರೆದರೂ ಕರೆ ಫಲಿಸುವ ಸಾಧ್ಯತೆಗೆ ಶೇಕಡಾ 20 ಕಡಿತ ಹಾಕಿ.

ಇನ್ನು ಋಣದ ಲೆಕ್ಕ. ಇದು ಪುಸ್ತಕದ ನಿಯಮವಲ್ಲ, ಟೇಬಲ್ಲಿಗೆ ಹೊಂದಿಸಿಕೊಂಡದ್ದು. ಪ್ರತಿ ಹಿರಿಯನ ರಟ್ಟಿನ ಮೇಲೆ 0ಯಿಂದ 5ರವರೆಗೆ ಮನೆ ಹಾಕಿ, 2ರಿಂದ ಶುರು ಮಾಡಿ. ನೆರವು ಕೇಳಿದರೆ 1 ಏರುತ್ತದೆ, ಆ ಹಿರಿಯ ಬಲ್ಲ ಕಸುಬಿಗೆ ಮಾತ್ರ ಶೇಕಡಾ 20 ಸೇರುತ್ತದೆ. ತಕ್ಕ ಎಡೆ ಇಟ್ಟರೆ 1 ಇಳಿಯುತ್ತದೆ, ಆದರೆ ಅದೇ ಎಡೆ ಮತ್ತೆ ಇಟ್ಟರೆ ಇಳಿಯುವುದಿಲ್ಲ. ಉಳಿದ ಮಾತು ನಡೆಸಿಕೊಟ್ಟರೆ ನೇರ 0. ಲೆಕ್ಕ 5 ಮುಟ್ಟಿತೋ, ಕರೆಯದಿದ್ದರೂ ಹಿರಿಯ ಬರುತ್ತಾನೆ, ಒಂದು ದೃಶ್ಯದ ಮಟ್ಟಿಗೆ ಪಾತ್ರದ ಮೈ ಅವನದು. ಒಂದು ಕೂಟದಲ್ಲಿ ಒಬ್ಬ ಆಟಗಾರನಿಗೆ ಒಂದೇ ಕರೆ. ಇಲ್ಲದಿದ್ದರೆ ಪ್ರತಿ ಬಾಗಿಲ ಮುಂದೂ ಮುತ್ಯಾನನ್ನು ಎಬ್ಬಿಸುತ್ತಾರೆ.

ಕೆಡುವುದು ಬಹುಪಾಲು ಒಂದೇ ಕಡೆ: ಹಿರಿಯನಿಗೆ ಎಲ್ಲ ಗೊತ್ತು ಎಂದು ಆಡಿಸುವುದು. ಆಗ ಅವನು ವಿಚಾರಣೆ ಕೌಂಟರ್ ಆಗಿಬಿಡುತ್ತಾನೆ, ಪತ್ತೇದಾರಿಕೆಗೆ ಏನೂ ಉಳಿಯುವುದಿಲ್ಲ. ಸಾಯುವವರೆಗೆ ಕಂಡದ್ದು, ಆಮೇಲೆ ಎಡೆಯ ಮುಂದೆ ಕೂತು ಮನೆಯವರು ಹೇಳಿದ್ದು, ಇಷ್ಟೇ ಅವನಿಗೆ ಗೊತ್ತಿರಬೇಕು. ಕೊಲೆಗಾರ ಯಾರು ಎಂದು ಕೇಳಲು ಬಂದವನಿಗೆ ಅವನು ಮೊದಲು ಕೇಳುವುದು ತನ್ನದೇ ಪ್ರಶ್ನೆ: “ಯಾಕಪಾ, ತಮ್ಮನ ಮಗಾ ಎಲ್ಲಿ? ಅವನ್ನ ಬಿಟ್ಟು ನೀ ಒಬ್ಬನ ಬಂದಿಯಲ್ಲ?” ಪಾತ್ರ ಅದಕ್ಕೆ ಉತ್ತರ ಕೊಡದೆ ಮಾತು ಮುಂದಕ್ಕೆ ಹೋಗಬಾರದು. ಸುಳ್ಳು ಹೇಳಿದರೆ ಆ ಸುಳ್ಳೂ ರಟ್ಟಿನ ಮೇಲೆ ಏರಲಿ, ಮುಂದಿನ ಸಲ ಅವನು ಅದನ್ನೇ ನಂಬಿಕೊಂಡು ಬರುತ್ತಾನೆ.

ಶಾಮನ್, ಅಂದರೆ ಆತ್ಮಗಳ ಜೊತೆ ವ್ಯವಹರಿಸುವವನ ಪಾತ್ರದ ತೊಂದರೆ ಬೇರೆ. ಅವನ ಜೀವ ಮೈಬಿಟ್ಟು ಆತ್ಮಲೋಕಕ್ಕೆ ಹೋದಾಗ ಉಳಿದವರು ಸುಮ್ಮನೆ ಕೂತಿರುತ್ತಾರೆ. 15 ನಿಮಿಷ ಮೀರಬೇಡಿ. ಅಲ್ಲಿ ಎದುರಾಗುವ ಹಿರಿಯರ ರಟ್ಟುಗಳನ್ನು ಉಳಿದ ಆಟಗಾರರ ಕೈಗೇ ಕೊಟ್ಟು ಮಾತಾಡಿಸಿ. ಇದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಆಡಿಸುವವನು ಒಬ್ಬನೇ ಮೂರು ಮುದುಕರ ದನಿ ತೆಗೆಯುವ ಕಷ್ಟವೂ ತಪ್ಪುತ್ತದೆ. ರೂನ್‌ಕ್ವೆಸ್ಟ್‌ನಲ್ಲಿ ಶಾಮನ್‌ನ ಆತ್ಮದ ಒಂದು ಭಾಗ ಎಚ್ಚೆತ್ತು ‘ಫೆಚ್’ ಆಗಿ ಅವನ ಮೈ ಕಾಯುತ್ತದೆ. ಅದನ್ನೂ ಒಬ್ಬರಿಗೆ ಒಪ್ಪಿಸಬಹುದು.

ಹಿರಿಯನ ಜೊತೆ ಹೊಡೆದಾಟಕ್ಕೆ ಇಳಿಯುವುದು ಕೊನೆಯ ಮಾತಾಗಲಿ. ಆತ್ಮಗಳ ಕಾಳಗದಲ್ಲಿ ಕಳೆಯುವುದು ಮ್ಯಾಜಿಕ್ ಪಾಯಿಂಟು, ಅಂದರೆ ಪಾತ್ರದ ಮಂತ್ರಶಕ್ತಿಯ ಅಂಕ, ರಕ್ತವಲ್ಲ. ಗೆದ್ದರೂ ಮನೆತನದಲ್ಲಿ ಒಬ್ಬ ಹಿರಿಯ ಮುನಿಸಿಕೊಂಡ ಹಾಗೆಯೇ, ಅವನ ಲೆಕ್ಕ 5ಕ್ಕೇ ನಿಲ್ಲುತ್ತದೆ.

ಆಟಕ್ಕೆ ಕೂರುವ ಮೊದಲೇ ಒಬ್ಬೊಬ್ಬರನ್ನೂ ಬೇರೆ ಕರೆದು ಕೇಳಿ: ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದಾರಾ, ಯಾವ ಬಗೆಯ ಸಾವು ಟೇಬಲ್ಲಿಗೆ ಬರಬಾರದು? ಸ್ವಂತ ಮನೆಯ ಹಿರಿಯರ ಹೆಸರನ್ನು ರಟ್ಟಿಗೆ ಬರೆಯಲು ಬಿಡಬೇಡಿ. ಊರಿನ ಗದ್ದುಗೆ, ಮನೆದೇವರು ಇವನ್ನೂ ಆಟದೊಳಗೆ ತರುವುದು ಬೇಡ. ಆಟದ ನಡುವೆ ಯಾರಿಗಾದರೂ ಕಷ್ಟವಾದರೆ ರಟ್ಟನ್ನು ಬೋರಲು ಇಡಲಿ. ಆ ಹಿರಿಯ ಅವತ್ತು ಬರಲಿಲ್ಲ ಎಂದು ಮುಂದುವರಿಸಿ, ಕಾರಣ ಕೇಳಬೇಡಿ.